ಕಲ್ಲಡ್ಕ ಪರಿಸರದ ಮನೆಗಳಲ್ಲಿ ಲ್ಯಾಪ್‌ಟಾಪ್ ವೈಫೈ: ಸಿಗ್ನಲ್ ಸಾಲದಿರುವ ಕಾರಣಗಳು, ಪರಿಹಾರಗಳು

ರೂಟರಿನಿಂದ ಹೊರಟ ರೇಡಿಯೊ ಅಲೆ ಲ್ಯಾಪ್‌ಟಾಪಿನ ಆಂಟೆನಾ ಮುಟ್ಟುವ ಹೊತ್ತಿಗೆ ತೀರ ಕ್ಷೀಣಿಸಿ, ಅದು ಹೊತ್ತು ತಂದ ಮಾಹಿತಿಯನ್ನು ತಪ್ಪಿಲ್ಲದೆ ಓದಿಕೊಳ್ಳಲಾಗದ ಸ್ಥಿತಿಯೇ ವೈಫೈ ಸಿಗ್ನಲ್ ಸಾಲದಿರುವುದು. ಪುಟ ತೆರೆಯಲು ತಡವಾಗುವುದು, ವೀಡಿಯೊ ಕರೆಯಲ್ಲಿ ಮುಖ ನಿಂತುಹೋಗಿ ಮಾತು ತುಂಡುತುಂಡಾಗಿ ಕೇಳುವುದು, ಚಾವಡಿಯಲ್ಲಿ ಸರಿಯಾಗಿ ಸಿಗುವ ಸಂಪರ್ಕ ಒಳಕೋಣೆಗೆ ಹೋದೊಡನೆ ತಪ್ಪಿಹೋಗುವುದು ಇದರ ಲಕ್ಷಣಗಳು. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲೂಕಿನ ಕಲ್ಲಡ್ಕ, ಅದರ ಸುತ್ತಿನ ಗೋಳ್ತಮಜಲು, ಬಾಳ್ತಿಲ, ವೀರಕಂಭ, ಅಮ್ಟೂರು ಮೊದಲಾದ ಗ್ರಾಮಗಳ ಮನೆಗಳನ್ನು ಎದುರಿಗಿಟ್ಟುಕೊಂಡು ಈ ಲೇಖನ ವಿಷಯವನ್ನು ಪರಿಶೀಲಿಸುತ್ತದೆ. ಅದೇ ಕಲ್ಲು, ಅದೇ ಮಳೆ, ಅದೇ ಬಗೆಯ ತೋಟದ ಮನೆಗಳಿರುವ ಬೆಳ್ತಂಗಡಿ ಮತ್ತು ಮೂಡುಬಿದಿರೆ ಕಡೆಗೂ ಇಲ್ಲಿನ ಬಹುತೇಕ ಮಾತು ಒಪ್ಪುತ್ತದೆ.

ಈ ಭಾಗದಲ್ಲಿ ‘ನೆಟ್ ಇಲ್ಲ’ ಎಂಬ ದೂರಿನ ಹಿಂದೆ ಎರಡು ಬೇರೆ ಬೇರೆ ತೊಂದರೆಗಳಿರುತ್ತವೆ. ಒಂದು, ಮನೆಯ ತನಕ ಬರುವ ಕೇಬಲ್ ಅಥವಾ ಟವರಿನದು. ಇನ್ನೊಂದು, ರೂಟರ್ ಒಳಗೇ ಇರುವ ಮೋಡೆಮಿನಿಂದ ಲ್ಯಾಪ್‌ಟಾಪಿನವರೆಗಿನ ಹತ್ತು ಹದಿನೈದು ಮೀಟರಿನದು. ಮೊದಲನೆಯದಕ್ಕೆ ಸಂಪರ್ಕ ಕೊಟ್ಟ ಕಂಪನಿ ಹೊಣೆ. ಎರಡನೆಯದು ಮನೆಯವರ ಕೈಯಲ್ಲೇ ಇದೆ. ಇವೆರಡನ್ನು ಬೇರ್ಪಡಿಸದೆ ಹೆಚ್ಚು ವೇಗದ ಪ್ಲಾನಿಗೆ ದುಡ್ಡು ಕಟ್ಟುವುದು, ಹೊಸ ರೂಟರ್ ತರುವುದು, ಕೊನೆಗೆ ಲ್ಯಾಪ್‌ಟಾಪನ್ನೇ ಬದಲಿಸುವುದು ನಡೆದೇ ಇದೆ. ಖರ್ಚಿಗೆ ಕೈಹಾಕುವ ಮುಂಚೆ ಅಳೆಯಬೇಕು. ಅಳೆಯುವುದಕ್ಕೆ ಹಣ ಬೇಕಿಲ್ಲ, ಅರ್ಧ ಗಂಟೆ ಬಿಡುವು ಸಾಕು.

ನೆಲ ಮತ್ತು ಮನೆ

ಕಲ್ಲಡ್ಕವು ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75ರಲ್ಲಿ, ಬಿ.ಸಿ. ರೋಡ್ ಮತ್ತು ಮಾಣಿಯ ನಡುವೆ ಇರುವ ಪೇಟೆ. ಹೊರಗಿನವರು ಅದನ್ನು ಕೆ.ಟಿ. ಚಹಾದಿಂದ, ಮೆರವಣಿಗೆಯ ದೊಡ್ಡ ಗೊಂಬೆಗಳಿಂದ ಬಲ್ಲರು. ಹೆದ್ದಾರಿಯ ಅಂಗಡಿಸಾಲು ದಾಟಿದರೆ ನರಹರಿ ಪರ್ವತದಂಥ ಗುಡ್ಡಗಳು, ಅವುಗಳ ಬುಡದಲ್ಲಿ ಬೈಲು, ಬೈಲಿನ ತುಂಬ ಅಡಿಕೆ ತೋಟ. ಮನೆಗಳು ಒತ್ತೊತ್ತಾಗಿಲ್ಲ. ತೋಟದ ಮಗ್ಗುಲಲ್ಲಿ, ಗುಡ್ಡೆ ಕಡಿದು ಸಮ ಮಾಡಿದ ಜಾಗದಲ್ಲಿ ಒಂದೊಂದಾಗಿ ನಿಂತಿವೆ. ಹಿಂಬದಿಗೆ ಎತ್ತರದ ಬರೆ, ಮುಂದೆ ಅಡಿಕೆ ಒಣಗಿಸುವ ಅಂಗಳ, ಪಕ್ಕದಲ್ಲಿ ಹಟ್ಟಿ, ಆಚೆ ಪಂಪ್ ಶೆಡ್ಡು. ಪಟ್ಟಣದ ಫ್ಲ್ಯಾಟಿನಲ್ಲಿ ಪಕ್ಕದ ಮನೆಯವರ ಹತ್ತಾರು ರೂಟರುಗಳದೇ ತೊಂದರೆಯಾದರೆ, ಇಲ್ಲಿ ತೊಂದರೆ ಕೊಡುವುದು ಸ್ವಂತ ಮನೆಯ ಗೋಡೆ.

ಆ ಗೋಡೆ ಮುರಕಲ್ಲಿನದು. ಈ ಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರನ್ನು ಜಗತ್ತಿಗೆ ಕೊಟ್ಟವನು ಫ್ರಾನ್ಸಿಸ್ ಬುಕಾನನ್. 1800–01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ಬರೆದು 1807ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ, ನೆಲದೊಳಗೆ ಇರುವಾಗ ಕಬ್ಬಿಣದ ಯಾವ ಉಪಕರಣದಿಂದಲೂ ಕಡಿಯುವಷ್ಟು ಮೆದುವಾಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ ಅದರ ಗುಣವನ್ನು ಅವನು ವಿವರಿಸಿದ್ದಾನೆ. ಕಲ್ಲಿನಲ್ಲಿ ಕಬ್ಬಿಣ ಇರುವುದರಿಂದ ಸಿಗ್ನಲ್ ತಡೆಯುತ್ತದೆ ಎಂದು ನಂಬುವವರಿದ್ದಾರೆ. ಅದು ಅಷ್ಟು ಸರಿಯಲ್ಲ. ಮುರಕಲ್ಲಿನ ಕೆಂಪು ಕಬ್ಬಿಣದ ಆಕ್ಸೈಡಿನದು. ತಗಡಿನಂತೆ ವಿದ್ಯುತ್ ಹರಿಸುವ ಲೋಹ ಅದಲ್ಲ. ನಿಜವಾದ ಕಾರಣಗಳು ದಪ್ಪ ಮತ್ತು ನೀರು. ಒಂದು ಕಲ್ಲಿನ ಅಗಲದ ಗೋಡೆಯೇ ಗಿಲಾವು ಸೇರಿ ಎಂಟೊಂಬತ್ತು ಇಂಚಿಗೆ ಕಡಿಮೆಯಿಲ್ಲ. ಹಳೆಯ ಮನೆಗಳಲ್ಲಿ ಅದಕ್ಕಿಂತ ದಪ್ಪ. ಕಲ್ಲಿನ ಮೈತುಂಬ ತೂತು. ಜೂನಿನಿಂದ ಸೆಪ್ಟೆಂಬರಿನವರೆಗೆ ಆ ತೂತುಗಳು ನೀರು ಹೀರಿಕೊಂಡೇ ಇರುತ್ತವೆ, ಮತ್ತು ವೈಫೈ ಬಳಸುವ ಅಲೆಗಳ ಶಕ್ತಿಯನ್ನು ನೀರು ಚೆನ್ನಾಗಿ ನುಂಗುತ್ತದೆ.

ಹಂಚಿನ ಮನೆಗೂ ತಾರಸಿ ಮನೆಗೂ ಇಲ್ಲಿ ದೊಡ್ಡ ವ್ಯತ್ಯಾಸವಿದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಮಾಡುಗಳ ರೂಪವೇ ಬದಲಾಯಿತು. ಸುಟ್ಟ ಮಣ್ಣಿನ ತೆಳು ಹಂಚು ರೇಡಿಯೊ ಅಲೆಗೆ ಹೆಚ್ಚಿನ ಅಡ್ಡಿಯಲ್ಲ. ಅಂಥ ಅನೇಕ ಮನೆಗಳಲ್ಲಿ ಒಳಗೋಡೆ ಮಾಡಿನವರೆಗೆ ಏರುವುದಿಲ್ಲ. ಗೋಡೆಯ ತಲೆಯಿಂದ ಮೇಲೆ ಬರೀ ಪಕ್ಕಾಸು, ರೀಪು. ತಾರಸಿಯ ಮನೆಯಲ್ಲಿ ಹಾಗಲ್ಲ. ಕಬ್ಬಿಣದ ಸರಳಿನ ಬಲೆಯ ಮೇಲೆ ಸುರಿದ ಕಾಂಕ್ರೀಟು ಕೆಳಗಿನ ಕೋಣೆಗೂ ಉಪ್ಪರಿಗೆಗೂ ನಡುವೆ ನಿಲ್ಲುತ್ತದೆ. ಸೋರದಿರಲೆಂದು ತಾರಸಿಯ ಮೇಲೆ ಹಾಕಿಸುವ ತಗಡಿನ ಶೀಟಂತೂ ಅಲೆಯನ್ನು ಬಹುಪಾಲು ವಾಪಸ್ ಕಳಿಸುತ್ತದೆ. ಗೋಡೆಗೆ ಒರಗಿಸಿದ ಉಕ್ಕಿನ ಕಪಾಟು, ಫ್ರಿಜ್ಜು, ಆಳೆತ್ತರದ ಕನ್ನಡಿ ಸಹ ಇದೇ ಸಾಲಿಗೆ ಸೇರಿದವು.

ಅಲೆಯ ಲೆಕ್ಕ

ಗೋಡೆಯಾಚೆಗೆ ರೇಡಿಯೊ ಅಲೆ ಹಾಯುತ್ತದೆ ಎಂಬುದನ್ನು 1890ರ ದಶಕದಲ್ಲೇ ಕೋಲ್ಕತ್ತಾದಲ್ಲಿ ಜಗದೀಶಚಂದ್ರ ಬೋಸರು ಸಾರ್ವಜನಿಕರ ಎದುರು ಗಂಟೆ ಬಾರಿಸಿ ತೋರಿಸಿದ್ದರು. ಹಾಯುವಾಗ ಎಷ್ಟು ಕಳೆದುಹೋಗುತ್ತದೆ ಎಂಬುದೇ ನಮ್ಮ ಪ್ರಶ್ನೆ. ವೈಫೈಗೆ ಮುಖ್ಯವಾಗಿ ಎರಡು ಆವರ್ತನ ಪಟ್ಟಿಗಳಿವೆ (ಬ್ಯಾಂಡ್). 2.4 ಗಿಗಾಹರ್ಟ್ಸ್ ಪಟ್ಟಿಯ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, 5 ಗಿಗಾಹರ್ಟ್ಸಿನದು ಅದರ ಅರ್ಧಕ್ಕಿಂತಲೂ ಕಡಿಮೆ. ಮೊದಲನೆಯದು ನಿಧಾನ, ಆದರೆ ಗೋಡೆ ದಾಟುವುದರಲ್ಲಿ ಮುಂದು. ಎರಡನೆಯದು ವೇಗವಾಗಿದ್ದರೂ ಎರಡನೇ ಗೋಡೆಗೇ ಸೋಲುತ್ತದೆ. ಭಾರತದಲ್ಲಿ 2.4 ಪಟ್ಟಿಯನ್ನು 2005ರಲ್ಲಿ ಪರವಾನಗಿ ಬೇಡದಂತೆ ಮುಕ್ತಗೊಳಿಸಲಾಯಿತು. 5 ಗಿಗಾಹರ್ಟ್ಸಿನಲ್ಲಿ ಒಟ್ಟು 605 ಮೆಗಾಹರ್ಟ್ಸ್ ಅಗಲವನ್ನು ಹೊರಾಂಗಣಕ್ಕೂ ಸೇರಿ ಬಿಟ್ಟುಕೊಟ್ಟದ್ದು 2018ರ ಅಕ್ಟೋಬರಿನಲ್ಲಿ. ಹಳೆಯ ಅಥವಾ ಕಡಿಮೆ ಬೆಲೆಯ ಕೆಲವು ಲ್ಯಾಪ್‌ಟಾಪುಗಳು 2.4ನ್ನು ಮಾತ್ರ ಬಲ್ಲವು.

ಸಿಗ್ನಲಿನ ಬಲವನ್ನು ಅಳೆಯುವ ಮಾನ ಡಿಬಿಎಂ. ಅಂಕೆ ಮೈನಸಿನಲ್ಲಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. ಮೈನಸ್ 50 ಎಂದರೆ ಬಹಳ ಚೆನ್ನಾಗಿದೆ. ವೀಡಿಯೊ ಕರೆ ಅಡ್ಡಿಯಿಲ್ಲದೆ ನಡೆಯಬೇಕಾದರೆ ಮೈನಸ್ 67ರ ಆಸುಪಾಸಿನಲ್ಲಾದರೂ ಇರಬೇಕು. ಮೈನಸ್ 75ಕ್ಕೆ ಬಂದರೆ ಮಿಂಚಂಚೆ ಹೋದೀತು, ತರಗತಿ ನಡೆಯದು. ಮೈನಸ್ 85 ದಾಟಿದರೆ ಹೆಸರು ಮಾತ್ರ ಕಾಣುತ್ತದೆ. ಪ್ರತಿ 3 ಡೆಸಿಬೆಲ್ ಇಳಿತಕ್ಕೆ ಶಕ್ತಿ ಅರ್ಧವಾಗುತ್ತದೆ. ಸಾಮಾನ್ಯ ರೂಟರ್ 100 ಮಿಲಿವಾಟ್ ಬಿಟ್ಟರೆ, ತೆರೆದ ಅಂಗಳದಲ್ಲಿ 10 ಮೀಟರ್ ದೂರದಲ್ಲಿ 2.4 ಪಟ್ಟಿಯ ಲೆಕ್ಕಕ್ಕೆ ಮೈನಸ್ 40 ಸಿಗಬೇಕು. ಅದೇ 10 ಮೀಟರಿಗೆ ಮನೆಯೊಳಗೆ ಮೈನಸ್ 75 ಕಂಡರೆ ನಡುವಿನ ಗೋಡೆಗಳು 35 ಡೆಸಿಬೆಲ್ ತಿಂದಿವೆ. ಅಂದರೆ ಸುಮಾರು ಮೂರು ಸಾವಿರದಲ್ಲಿ ಒಂದು ಪಾಲು ಮಾತ್ರ ಉಳಿದಿದೆ. ರೂಟರಿನ ಶಕ್ತಿಯನ್ನು ಇಮ್ಮಡಿಗೊಳಿಸಿದರೂ ವಾಪಸ್ ಬರುವುದು ಆ 35ರಲ್ಲಿ ಬರೀ 3. ಅಷ್ಟು ಕಳೆಯುವ ಗೋಡೆಯನ್ನು ತಪ್ಪಿಸಿ ಅಲೆಗೆ ಬೇರೆ ದಾರಿ ಮಾಡಿಕೊಡುವುದೇ ಲಾಭ.

ಇದರ ಜೊತೆಗೇ ನೆನಪಿಡಬೇಕಾದ ಇನ್ನೊಂದು ಸಂಗತಿಯಿದೆ. ವೈಫೈಯಲ್ಲಿ ರೂಟರ್ ಮಾತಾಡಿದರೆ ಸಾಲದು, ಲ್ಯಾಪ್‌ಟಾಪೂ ಉತ್ತರ ಕೊಡಬೇಕು. ಲ್ಯಾಪ್‌ಟಾಪಿನ ದನಿ ರೂಟರಿನದಕ್ಕಿಂತ ಸಣ್ಣದು. ಹೆಚ್ಚು ಶಕ್ತಿ ಬಿಡುವ ದುಬಾರಿ ರೂಟರ್ ತಂದ ಮೇಲೆ ಪರದೆಯಲ್ಲಿ ಕಡ್ಡಿಗಳು ಪೂರ್ತಿ ಕಂಡರೂ ಕರೆ ತುಂಡಾಗುವುದು ಇದರಿಂದಲೇ: ಬರುವ ಅಲೆಗೆ ಬಲ ಬಂತು, ಹೋಗುವ ಅಲೆ ಮೊದಲಿನಂತೆಯೇ ಗೋಡೆಯಲ್ಲಿ ಸಾಯುತ್ತಿದೆ.

ಮೊದಲ ಪರೀಕ್ಷೆ

ಲ್ಯಾಪ್‌ಟಾಪನ್ನು ಎತ್ತಿಕೊಂಡು ಮೋಡೆಮಿನ ಎದುರಿಗೆ, ಎರಡು ಮೂರು ಅಡಿ ದೂರದಲ್ಲಿ ಕೂರಬೇಕು. ಅಲ್ಲಿಯೂ ನಿಧಾನವಾದರೆ ತಪ್ಪು ಹೊರಗಿನ ಲೈನಿನದು ಅಥವಾ ಲ್ಯಾಪ್‌ಟಾಪಿನದು. ಅದೇ ಜಾಗದಲ್ಲಿ ಮೊಬೈಲ್ ಫೋನನ್ನು ಅದೇ ವೈಫೈಗೆ ಜೋಡಿಸಿ ನೋಡಿದರೆ ಇವೆರಡರಲ್ಲಿ ಯಾವುದೆಂದು ಗೊತ್ತಾಗುತ್ತದೆ: ಫೋನಿನಲ್ಲೂ ನಿಧಾನವಾಗಿದ್ದರೆ ಲೈನು, ಫೋನಿನಲ್ಲಿ ಸರಿಯಿದ್ದರೆ ಲ್ಯಾಪ್‌ಟಾಪ್. ಇನ್ನು ಮೋಡೆಮಿನ ಎದುರು ಎರಡೂ ಸರಿಯಿದ್ದು ಕೋಣೆಗೆ ಹೋದ ಮೇಲೆ ಕೈಕೊಟ್ಟರೆ ಅದು ಗೋಡೆಯ ಪ್ರಶ್ನೆ. ಕಂಪನಿಗೆ ಎಷ್ಟು ಸಲ ಫೋನು ಮಾಡಿದರೂ ಅದು ಪರಿಹಾರವಾಗದು.

ಇದನ್ನೇ ಇನ್ನಷ್ಟು ಖಚಿತವಾಗಿ ಮಾಡಬಹುದು. ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ ‘ಐಪಿಕಾನ್ಫಿಗ್’ ಕೊಟ್ಟರೆ ‘ಡಿಫಾಲ್ಟ್ ಗೇಟ್‌ವೇ’ ಎಂಬ ಸಾಲಿನಲ್ಲಿ ಮೋಡೆಮಿನ ವಿಳಾಸ ಸಿಗುತ್ತದೆ, ಹೆಚ್ಚಾಗಿ 192.168.1.1. ಆ ವಿಳಾಸಕ್ಕೆ ಒಂದು ಕಿಟಕಿಯಲ್ಲಿ, ಹೊರಗಿನ ಅಂತರ್ಜಾಲದ ವಿಳಾಸವಾದ 8.8.8.8ಕ್ಕೆ ಇನ್ನೊಂದು ಕಿಟಕಿಯಲ್ಲಿ ನಿಲ್ಲದಂತೆ ಪಿಂಗ್ ಕಳಿಸುತ್ತ, ಕೆಲಸ ಮಾಡುವ ಜಾಗದಲ್ಲೇ ಐದು ನಿಮಿಷ ನೋಡಬೇಕು. ಮೊದಲನೆಯದರ ಉತ್ತರ ನಾಲ್ಕೈದು ಮಿಲಿಸೆಕೆಂಡಿನಲ್ಲಿ ಸಮವಾಗಿ ಬರುತ್ತಿದ್ದು ಎರಡನೆಯದು ತಪ್ಪುತ್ತಿದ್ದರೆ ಮನೆಯ ವೈಫೈ ನಿರ್ದೋಷಿ. ಮೊದಲನೆಯದೇ ಒಮ್ಮೆ 3, ಒಮ್ಮೆ 400, ಆಮೇಲೆ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದು ಬರುತ್ತಿದ್ದರೆ ತೊಂದರೆ ಮನೆಯೊಳಗಿದೆ. ಕಂಪನಿಯವರೊಡನೆ ಮಾತಾಡುವಾಗಲೂ ಈ ವಿವರ ಕೈಯಲ್ಲಿದ್ದರೆ ‘ಮೋಡೆಮ್ ಆಫ್ ಮಾಡಿ ಆನ್ ಮಾಡಿ’ ಎಂಬಲ್ಲಿಗೆ ಮಾತು ಮುಗಿಯುವುದಿಲ್ಲ.

ಬಲದ ಅಂಕೆಗೆ ‘ನೆಟ್‌ಶ್ ಡಬ್ಲ್ಯೂಲ್ಯಾನ್ ಶೋ ಇಂಟರ್‌ಫೇಸಸ್’ ಎಂಬ ಆದೇಶವಿದೆ. ವಿಂಡೋಸ್ ಅದನ್ನು ಶೇಕಡಾವಾರು ಕೊಡುತ್ತದೆ: ಶೇ. 100 ಎಂದರೆ ಮೈನಸ್ 50 ಅಥವಾ ಅದಕ್ಕಿಂತ ಒಳ್ಳೆಯದು, ಶೇ. 50 ಎಂದರೆ ಸುಮಾರು ಮೈನಸ್ 75. ಹಾಗಾಗಿ ಶೇ. 50 ಕಂಡು ಅರ್ಧದಷ್ಟಾದರೂ ಇದೆಯಲ್ಲ ಎಂದು ಸಮಾಧಾನಪಡುವಂತಿಲ್ಲ. ಮ್ಯಾಕ್‌ನಲ್ಲಿ ಆಪ್ಷನ್ ಕೀಲಿ ಒತ್ತಿಕೊಂಡು ವೈಫೈ ಚಿಹ್ನೆಯನ್ನು ಕ್ಲಿಕ್ಕಿಸಿದರೆ ಡಿಬಿಎಂ ನೇರವಾಗಿ ಕಾಣುತ್ತದೆ. ಚಾವಡಿ, ಒಳಕೋಣೆ, ಅಡುಗೆಮನೆ, ಉಪ್ಪರಿಗೆಗಳಲ್ಲಿ ಕಂಡ ಅಂಕೆಗಳನ್ನು ಒಂದು ಹಾಳೆಯಲ್ಲಿ ಮನೆಯ ನಕ್ಷೆ ಬಿಡಿಸಿ ಬರೆದಿಟ್ಟರೆ ಯಾವ ಗೋಡೆ ಎಷ್ಟು ತಿನ್ನುತ್ತಿದೆ ಎಂದು ಕಣ್ಣಿಗೆ ಕಟ್ಟುತ್ತದೆ.

ಮೋಡೆಮ್ ಇಡುವ ಜಾಗ

ಫೈಬರ್ ಕೇಬಲ್ ವಿದ್ಯುತ್ ಕಂಬದಿಂದ ಮನೆಯ ಯಾವ ಮೂಲೆಗೆ ಬಂತೋ ಆ ಮೂಲೆಯಲ್ಲೇ, ಪ್ಲಗ್ ಪಾಯಿಂಟ್ ಹತ್ತಿರವಿದೆಯೆಂದು, ಲೈನ್ ಎಳೆಯುವವರು ಟಿವಿಯ ಹಿಂದೆ ಮೋಡೆಮ್ ಇಟ್ಟು ಹೋಗುತ್ತಾರೆ. ಈ ಭಾಗದ ಮನೆಗಳ ವೈಫೈ ತೊಂದರೆಯಲ್ಲಿ ಅತಿ ಸುಲಭವಾಗಿ ಸರಿಪಡಿಸಬಹುದಾದದ್ದು ಇದೇ. ಮೂಲೆಯಲ್ಲಿಟ್ಟ ಮೋಡೆಮಿನ ಅಲೆಯಲ್ಲಿ ಹೆಚ್ಚಿನ ಪಾಲು ಅಂಗಳಕ್ಕೂ ತೋಟಕ್ಕೂ ಹೋಗುತ್ತದೆ. ಲೈನ್ ಎಳೆಯುವವರು ಬಂದ ದಿನವೇ ಇನ್ನೊಂದು ಹತ್ತು ಮೀಟರ್ ಕೇಬಲ್ ಹಾಕಿಸಿ ಮನೆಯ ನಡುಭಾಗಕ್ಕೆ ತರಿಸಿಕೊಳ್ಳುವುದು ಜಾಣತನ. ಆಮೇಲೆ ಫೈಬರನ್ನು ತಾವೇ ಕತ್ತರಿಸಿ ಜೋಡಿಸಲಾಗದು. ಆದರೆ ಮೋಡೆಮಿನಿಂದ ಮಾಮೂಲಿ ನೆಟ್‌ವರ್ಕ್ ಕೇಬಲ್ ಎಳೆದು, ನಡುಮನೆಯಲ್ಲಿ ಇನ್ನೊಂದು ರೂಟರನ್ನು ಅಕ್ಸೆಸ್ ಪಾಯಿಂಟ್ ಆಗಿ ಇಡಲು ಯಾವ ಅಡ್ಡಿಯೂ ಇಲ್ಲ. ಆ ಕೇಬಲ್ 100 ಮೀಟರಿನವರೆಗೆ ನಡೆಯುತ್ತದೆ.

ಹಂಚಿನ ಮನೆಯವರಿಗೆ ತಾರಸಿ ಮನೆಯವರಿಗಿಲ್ಲದ ಒಂದು ಅನುಕೂಲವಿದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. ಒಳಗೋಡೆ ಮಾಡಿನವರೆಗೆ ಹೋಗದ ಮನೆಯಲ್ಲಿ ಮೋಡೆಮನ್ನು ಗೋಡೆಯ ತಲೆಗಿಂತ ಎತ್ತರಕ್ಕೆ, ಅಟ್ಟದ ಅಂಚಿಗೋ ತೊಲೆಯ ಪಕ್ಕಕ್ಕೋ ಏರಿಸಿದರೆ ಅಲೆಗೆ ಕಲ್ಲು ದಾಟುವ ಕೆಲಸವೇ ಇಲ್ಲ. ಗೋಡೆಯ ಮೇಲಿನಿಂದ ಹಾದು ಪ್ರತಿ ಕೋಣೆಗೂ ಇಳಿಯುತ್ತದೆ. ಮರದ ಮುಚ್ಚಿಗೆ ಇದ್ದರೂ ಒಣಮರ ಅಷ್ಟಾಗಿ ತಡೆಯದು. ಸೋರುವ ಹಂಚಿನ ಕೆಳಗೆ ಇಡಬಾರದು, ಇಲಿಯ ಹಾದಿಯಲ್ಲಿ ವಯರ್ ಬಿಡಬಾರದು, ಬೇಸಿಗೆಯಲ್ಲಿ ಮಾಡಿನ ಅಡಿ ಕಾಯುವುದರಿಂದ ಗಾಳಿಯಾಡುವ ಜಾಗ ನೋಡಬೇಕು. ಇಷ್ಟು ಎಚ್ಚರ ವಹಿಸಿದರೆ ಸಿಗ್ನಲ್ ಮುಂದೆ ದಾಟಿಸಲು ದುಡ್ಡು ಕೊಟ್ಟು ತರುವ ರಿಪೀಟರಿಗಿಂತ ಒಂದು ಏಣಿ ಹೆಚ್ಚು ಕೆಲಸ ಮಾಡುತ್ತದೆ.

ಹೊರಗೆ ಕಾಣುವ ಆಂಟೆನಾ ಕಡ್ಡಿಗಳನ್ನು ಕೋವಿಯಂತೆ ಗುರಿಯಿಟ್ಟು ಬಳಸುವವರಿದ್ದಾರೆ. ಕಡ್ಡಿಯ ತುದಿಯಿಂದ ಅಲೆ ಹೊರಡುವುದಿಲ್ಲ. ಕಡ್ಡಿಯ ಸುತ್ತ, ಅದಕ್ಕೆ ಅಡ್ಡಲಾಗಿ ಹರಡುತ್ತದೆ. ತುದಿಯ ನೇರಕ್ಕೆ ಸಿಗುವುದೇ ಎಲ್ಲಕ್ಕಿಂತ ಕಡಿಮೆ. ಒಂದೇ ಮಹಡಿಯ ಮನೆಗೆ ಕಡ್ಡಿಗಳು ನೆಟ್ಟಗಿರಲಿ. ಉಪ್ಪರಿಗೆಗೂ ಬೇಕಾದರೆ ಒಂದನ್ನು ಅಡ್ಡ ಮಲಗಿಸಬೇಕು. ಉಪ್ಪರಿಗೆಗೆ ಅಲೆ ಏರಲು ಮೆಟ್ಟಿಲಿನ ಬಾಯಿ ಒಳ್ಳೆಯ ದಾರಿ. ಮೋಡೆಮ್ ಅದರ ಬುಡದಲ್ಲಿದ್ದರೆ ಕಾಂಕ್ರೀಟಿನ ಅಡ್ಡಿ ಬಹಳಮಟ್ಟಿಗೆ ತಪ್ಪುತ್ತದೆ.

ಲ್ಯಾಪ್‌ಟಾಪಿನೊಳಗೆ

ತಪ್ಪು ಲ್ಯಾಪ್‌ಟಾಪಿನದೇ ಎಂದು ಮೊದಲ ಪರೀಕ್ಷೆಯಲ್ಲಿ ಗೊತ್ತಾದರೆ ಸಾಫ್ಟ್‌ವೇರಿನಿಂದ ಆರಂಭಿಸಬೇಕು. ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಅಡಾಪ್ಟರಿನ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಗುರುತನ್ನು ತೆಗೆದುಹಾಕಬೇಕು. ಚಾರ್ಜರ್ ಹಾಕಿದಾಗ ಸರಿಯಿದ್ದು ಬ್ಯಾಟರಿಯಲ್ಲಿ ಮಾತ್ರ ಸಂಪರ್ಕ ಕುಂಟುತ್ತಿದ್ದರೆ ಕಾರಣ ಸಾಮಾನ್ಯವಾಗಿ ಇಂಥ ಉಳಿತಾಯವೇ. ಅಡ್ವಾನ್ಸ್ಡ್ ಪುಟದಲ್ಲಿ ಯಾವ ಪಟ್ಟಿಗೆ ಆದ್ಯತೆ ಎಂದು ಹೇಳಬಹುದು. ಎರಡೂ ಪಟ್ಟಿಗೆ ಮೋಡೆಮಿನಲ್ಲಿ ಒಂದೇ ಹೆಸರಿದ್ದರೆ ಲ್ಯಾಪ್‌ಟಾಪ್ ದೂರದ ಕೋಣೆಯಲ್ಲೂ 5ನ್ನೇ ಹಿಡಿದುಕೊಂಡು ಒದ್ದಾಡುವುದುಂಟು. ಎರಡಕ್ಕೆ ಎರಡು ಹೆಸರಿಟ್ಟು, ಒಳಕೋಣೆಯಲ್ಲಿ 2.4ಕ್ಕೆ ಸೇರಿಸಿದರೆ ಆ ಒದ್ದಾಟ ನಿಲ್ಲುತ್ತದೆ. ವಿಂಡೋಸ್ ಅಪ್‌ಡೇಟ್ ಆದ ಮರುದಿನದಿಂದ ತೊಂದರೆ ಶುರುವಾದರೆ ಹಳೆಯ ಡ್ರೈವರಿಗೆ ಮರಳಬೇಕು, ಇಲ್ಲವೇ ತಯಾರಕರ ತಾಣದಿಂದ ಸರಿಯಾದದ್ದನ್ನು ಹಾಕಿಕೊಳ್ಳಬೇಕು.

ಆಂಟೆನಾ ಎಲ್ಲಿದೆ ಎಂಬುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಪರದೆಯ ಚೌಕಟ್ಟಿನ ಮೇಲಂಚಿನಲ್ಲಿ, ಕೆಲವದರಲ್ಲಿ ಹಿಂಜಿನ ಬಳಿ, ತಾಮ್ರದ ಎರಡು ತೆಳು ಪಟ್ಟಿಗಳು ಅಡಗಿವೆ. ಅವುಗಳಿಂದ ಹೊರಟ ಎರಡು ಸಪೂರ ವಯರುಗಳು, ಸಾಮಾನ್ಯವಾಗಿ ಒಂದು ಕಪ್ಪು ಒಂದು ಬಿಳಿ, ಹಿಂಜಿನ ಸಂದಿಯಲ್ಲಿ ನುಸುಳಿ ಕೆಳಗಿನ ಭಾಗಕ್ಕೆ ಬರುತ್ತವೆ. ಕೆಳಗಿನ ಮುಚ್ಚಳ ತೆಗೆದರೆ 22 ಮಿಲಿಮೀಟರ್ ಅಗಲ, 30 ಮಿಲಿಮೀಟರ್ ಉದ್ದದ ಪುಟ್ಟ ವೈಫೈ ಕಾರ್ಡು ಕಾಣುತ್ತದೆ. ಅದರ ಅಂಚಿನಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಎರಡು ಹೊಳೆಯುವ ಗುಂಡಿಗಳು. ವಯರಿನ ತುದಿಯ ಟೊಪ್ಪಿ ಆ ಗುಂಡಿಯ ಮೇಲೆ ‘ಟಕ್’ ಎಂದು ಕೂರಬೇಕು. ಬ್ಯಾಟರಿ, ಕೀಬೋರ್ಡು ಅಥವಾ ಹಾರ್ಡ್‌ಡಿಸ್ಕ್ ಬದಲಿಸಲು ಒಮ್ಮೆ ಬಿಚ್ಚಿದ ಲ್ಯಾಪ್‌ಟಾಪಿನಲ್ಲಿ ಈ ಟೊಪ್ಪಿ ಕಳಚಿಕೊಂಡಿರುವುದು ಅಪರೂಪವೇನಲ್ಲ. ಒಂದು ಕಳಚಿದರೂ ಸಂಪರ್ಕ ಪೂರ್ತಿ ಹೋಗುವುದಿಲ್ಲ, ಹಾಗಾಗಿ ಯಾರಿಗೂ ಸಂಶಯ ಬರುವುದಿಲ್ಲ. ಬರೀ ದೂರದ ಕೋಣೆಗಳು ಕೈತಪ್ಪುತ್ತವೆ.

ಬಿಚ್ಚದೆಯೇ ಇದನ್ನು ಊಹಿಸಲು ಎರಡು ಗುರುತುಗಳಿವೆ. ಎರಡು ಆಂಟೆನಾ ಇರುವ ಲ್ಯಾಪ್‌ಟಾಪಿಗೆ ಮೋಡೆಮಿನ ಹತ್ತಿರ, 2.4 ಪಟ್ಟಿಯ 20 ಮೆಗಾಹರ್ಟ್ಸ್ ಅಗಲದಲ್ಲಿ 144 ಮೆಗಾಬಿಟ್ ಸಂಪರ್ಕ ವೇಗ ಸಿಗಬೇಕು. 5ರಲ್ಲಿ, ವೈಫೈ 5 ಮಾದರಿಯಾದರೆ, 866. ಎದುರಿಗೇ ಕುಳಿತರೂ ಅವು 72 ಮತ್ತು 433ರಲ್ಲೇ ನಿಂತರೆ, ಮತ್ತು ಅದೇ ಮೋಡೆಮಿನಲ್ಲಿ ಇನ್ನೊಂದು ಲ್ಯಾಪ್‌ಟಾಪಿಗೆ ಪೂರ್ತಿ ಸಿಗುತ್ತಿದ್ದರೆ, ಒಂದು ಆಂಟೆನಾ ಕೆಲಸ ಮಾಡುತ್ತಿಲ್ಲ ಎಂದು ತಿಳಿಯಬಹುದು. ಎರಡನೆಯ ಗುರುತು, ಪರದೆಯನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸಿದಾಗ ಬಲದ ಅಂಕೆ ಥಟ್ಟನೆ ಏರಿಳಿಯುವುದು. ಹಿಂಜಿನಲ್ಲಿ ವಯರ್ ಮುರಿದಿರುವ ಲಕ್ಷಣ ಅದು. ಟೊಪ್ಪಿ ಕೂರಿಸಲು ಬ್ಯಾಟರಿಯ ಸಂಪರ್ಕ ಮೊದಲು ತೆಗೆಯಬೇಕು, ಗುಂಡಿಯ ನೇರಕ್ಕೆ ಬೆರಳಿನಿಂದ ಒತ್ತಬೇಕು. ಓರೆಯಾಗಿ ಒತ್ತಿದರೆ ಗುಂಡಿಯೇ ಕಿತ್ತುಬರುತ್ತದೆ. ಅಭ್ಯಾಸವಿಲ್ಲದವರು ರಿಪೇರಿ ಅಂಗಡಿಗೆ ಹೋಗಿ ‘ಆಂಟೆನಾ ವಯರ್ ನೋಡಿ’ ಎಂದು ಸ್ಪಷ್ಟವಾಗಿ ಹೇಳಿದರೆ ಸಾಕು.

ಲ್ಯಾಪ್‌ಟಾಪಿಗೆ ಚುಚ್ಚಿದ ಸಾಮಾನೂ ಅಡ್ಡಿಯಾದೀತು. ಯುಎಸ್‌ಬಿ 3.0 ಸಾಧನಗಳು 2.4 ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತವೆ ಎಂಬುದನ್ನು 2012ರಲ್ಲೇ ಇಂಟೆಲ್ ಕಂಪನಿ ಅಳೆದು ಪ್ರಕಟಿಸಿತ್ತು. ಹೊರಗಿನ ಹಾರ್ಡ್‌ಡಿಸ್ಕ್ ಜೋಡಿಸಿದಾಗಷ್ಟೇ ವೈಫೈ ಬೀಳುತ್ತಿದ್ದರೆ ಅದನ್ನು ಉದ್ದ ಕೇಬಲಿನಲ್ಲಿ ದೂರ ಇಡಬೇಕು. ಲ್ಯಾಪ್‌ಟಾಪಿನ ಕಾರ್ಡು ತೀರ ಹಳೆಯದಾದರೆ ಯುಎಸ್‌ಬಿ ವೈಫೈ ಅಡಾಪ್ಟರ್ ಒಳ್ಳೆಯ ಪರಿಹಾರ. ಅದನ್ನೂ ನೇರ ಚುಚ್ಚದೆ ಒಂದು ಮೀಟರಿನ ಎಕ್ಸ್‌ಟೆನ್ಷನ್ ವಯರಿನಲ್ಲಿ ಬಾಗಿಲಿನ ಕಡೆಗೆ ಇಟ್ಟರೆ ಗೋಡೆಯ ಮರೆ ತಪ್ಪುತ್ತದೆ.

ಪೇಟೆಯ ಗದ್ದಲ

ಹೆದ್ದಾರಿ ಬದಿಯ ಅಂಗಡಿ, ಬ್ಯಾಂಕು, ಕ್ಲಿನಿಕ್ಕು, ಮೇಲ್ಮಹಡಿಯ ಬಾಡಿಗೆ ಮನೆಗಳಲ್ಲಿ ಬೇರೆಯೇ ಸಮಸ್ಯೆ. ಅಲ್ಲಿ ಬಲದ ಅಂಕೆ ಚೆನ್ನಾಗಿರುತ್ತದೆ, ಆದರೂ ಕೆಲಸ ಸಾಗದು. 2.4 ಪಟ್ಟಿಯಲ್ಲಿ ಭಾರತದಲ್ಲಿ 13 ಚಾನೆಲುಗಳಿದ್ದರೂ ಒಂದರ ಮೇಲೊಂದು ಬೀಳದೆ ನಿಲ್ಲುವವು 1, 6, 11 ಎಂಬ ಮೂರು ಮಾತ್ರ. ಪಕ್ಕದ ಅಂಗಡಿಗಳ ರೂಟರುಗಳೆಲ್ಲ ಒಂದೇ ಚಾನೆಲಿನಲ್ಲಿ ಮಾತಾಡಿದರೆ ಪ್ರತಿಯೊಂದೂ ತನ್ನ ಸರದಿಗೆ ಕಾಯಬೇಕು. ಫೋನಿನ ವೈಫೈ ಅನಲೈಸರ್ ಆ್ಯಪಿನಲ್ಲಿ ಯಾವ ಚಾನೆಲ್ ಖಾಲಿಯಿದೆ ನೋಡಿ ಮೋಡೆಮಿನ ಪುಟದಲ್ಲಿ ಬದಲಿಸಬೇಕು, ಚಾನೆಲಿನ ಅಗಲವನ್ನು 40ರಿಂದ 20 ಮೆಗಾಹರ್ಟ್ಸಿಗೆ ಇಳಿಸಬೇಕು. 12 ಮತ್ತು 13ನ್ನು ಕೆಲವು ಲ್ಯಾಪ್‌ಟಾಪುಗಳು ಕಾಣುವುದೇ ಇಲ್ಲ. ಅವನ್ನು ಬಿಡುವುದು ಲೇಸು. ಇಂಥ ಜಾಗದಲ್ಲಿ 5 ಗಿಗಾಹರ್ಟ್ಸೇ ಸರಿ. ಗೋಡೆ ದಾಟದ ಅದರ ಗುಣವೇ ಇಲ್ಲಿ ನೆರೆಯವರ ಗದ್ದಲವನ್ನು ಹೊರಗಿಡುತ್ತದೆ. ಹೋಟೆಲಿನ ಮೈಕ್ರೋವೇವ್ ಒಲೆ 2.45ರಲ್ಲಿ ನಡೆಯುವುದರಿಂದ ಅದರ ಪಕ್ಕ ಬಿಲ್ಲಿಂಗ್ ಲ್ಯಾಪ್‌ಟಾಪ್ ಇಡಬಾರದು.

ಮಳೆ ಮತ್ತು ಸಿಡಿಲು

ಮಳೆ ಬಂದರೆ ವೈಫೈ ಹೋಗುತ್ತದೆ ಎಂಬ ಮಾತು ಡಿಟಿಎಚ್ ಟಿವಿಯಿಂದ ಬಂದಿರಬೇಕು. ತಟ್ಟೆ ಆಂಟೆನಾಕ್ಕೆ ಉಪಗ್ರಹದಿಂದ ಬರುವ ಅಲೆ 11–12 ಗಿಗಾಹರ್ಟ್ಸಿನದು, ಜೋರು ಮಳೆ ಅದನ್ನು ಕರಗಿಸುತ್ತದೆ. 2.4 ಮತ್ತು 5ರಲ್ಲಿ ಮನೆಯಷ್ಟು ದೂರಕ್ಕೆ ಮಳೆಹನಿಯ ಪರಿಣಾಮ ಲೆಕ್ಕಕ್ಕಿಲ್ಲ. ಮಳೆಗಾಲದಲ್ಲಿ ನಿಜಕ್ಕೂ ಕಳೆಯುವುದು ನೀರು ಕುಡಿದ ಗೋಡೆಯಲ್ಲಿ, ಒದ್ದೆ ಸೋಗೆಗಳಲ್ಲಿ, ಮತ್ತು ಹೊರಗಿನ ಲೈನಿನಲ್ಲಿ. ಗಾಳಿಗೆ ಅಡಿಕೆ ಮರ ಬಿದ್ದರೆ ಅಥವಾ ರಸ್ತೆ ಅಗೆದಾಗ ಫೈಬರ್ ತುಂಡಾದರೆ ಮೋಡೆಮಿನಲ್ಲಿ ‘ಎಲ್‌ಒಎಸ್’ ಎಂಬ ಕೆಂಪು ದೀಪ ಹೊತ್ತುತ್ತದೆ. ಪೂರ್ತಿ ತುಂಡಾಗದೆ ಬಾಗಿ ನಲುಗಿದ್ದರೆ ದೀಪ ಹೊತ್ತದೆಯೂ ಸಂಪರ್ಕ ಕೆಡಬಹುದು. ಆಗ ಮೋಡೆಮಿನ ಪುಟದಲ್ಲಿ ಬೆಳಕಿನ ಬಲ ನೋಡಬೇಕು. ಅದು ಮೈನಸ್ 27 ಡಿಬಿಎಂಗಿಂತ ಕೆಳಗಿದ್ದರೆ ಕಂಪನಿಗೆ ಹೇಳಲೇಬೇಕಾದ ಮಾತು.

ಸಿಡಿಲಿನ ಕಾಟ ಮುಂಗಾರಿಗೆ ಮುಂಚಿನ ಏಪ್ರಿಲ್–ಮೇ ಮತ್ತು ಹಿಂಗಾರಿನ ಅಕ್ಟೋಬರ್–ನವೆಂಬರಿನಲ್ಲಿ ಹೆಚ್ಚು. ಫೈಬರ್ ಗಾಜಿನದಾದ್ದರಿಂದ ಭಯವಿಲ್ಲ ಎಂದು ಕೂರಬಾರದು. ಮನೆಗೆ ಬರುವ ಕೇಬಲಿನಲ್ಲಿ ಗಾಜಿನೆಳೆಯ ಜೊತೆ ಬಲಕ್ಕೆಂದು ಉಕ್ಕಿನ ತಂತಿ ಇರುವುದುಂಟು, ಮೋಡೆಮಿನ ಅಡಾಪ್ಟರ್ ಮೆಸ್ಕಾಂ ವಿದ್ಯುತ್ ಲೈನಿಗೆ ಚುಚ್ಚಿರುತ್ತದೆ. ಗುಡುಗು ಕೇಳಿಸಿದೊಡನೆ ಅಡಾಪ್ಟರ್ ಕೀಳುವ ಊರಿನ ರೂಢಿ ಸರಿಯಾದದ್ದೇ. ಸಿಡಿಲಿಗೆ ಪೂರ್ತಿ ಸಾಯದೆ ಅರ್ಧ ಪೆಟ್ಟು ತಿಂದ ಮೋಡೆಮ್ ದೀಪ ಹೊತ್ತಿಸಿಕೊಂಡೇ ಇದ್ದು ಅಲೆಯನ್ನು ಮಾತ್ರ ದುರ್ಬಲವಾಗಿ ಬಿಡಬಹುದು. ಒಂದು ಮಳೆಗಾಲದ ಮುಂಚೆ ಸಿಗುತ್ತಿದ್ದ ಕೋಣೆ ಆಮೇಲೆ ಸಿಗದಿದ್ದರೆ ಈ ಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಲ್ಲಿಯೇ ಹಾಳೆಯಲ್ಲಿ ಬರೆದಿಟ್ಟ ಹಳೆಯ ಅಂಕೆಗಳು ಉಪಯೋಗಕ್ಕೆ ಬರುವುದು.

ಆಚೆ ಕಟ್ಟಡ, ಗುಡ್ಡೆಯ ಟವರ್

ಮನೆಯಿಂದ ದೂರದ ಶೆಡ್ಡಿಗೋ ತೋಟದ ಇನ್ನೊಂದು ಮನೆಗೋ ಸಂಪರ್ಕ ಬೇಕಾದಾಗ ತಾಮ್ರದ ಕೇಬಲನ್ನು ಹೊರಗಿನಿಂದ ಎಳೆಯುವುದು ಸಿಡಿಲಿಗೆ ದಾರಿ ಮಾಡಿಕೊಟ್ಟಂತೆ. ಫೈಬರ್ ತುಂಡೊಂದನ್ನು ಹಾಕಿಸುವುದು, ಇಲ್ಲವೇ ಎದುರುಬದುರಾಗಿ ನೋಡುವ ಎರಡು ಹೊರಾಂಗಣ 5 ಗಿಗಾಹರ್ಟ್ಸ್ ಸಾಧನಗಳನ್ನು ಇಡುವುದು ಮೇಲು. ಎರಡನೆಯದಕ್ಕೆ ನಡುವೆ ಅಡಿಕೆ ಸೋಗೆ ಅಡ್ಡ ಬರಬಾರದು. ಮರ ಬೆಳೆಯುತ್ತದೆ ಎಂಬುದನ್ನೂ ಎಣಿಸಬೇಕು. ಮನೆಯೊಳಗೆ ರಿಪೀಟರ್ ಹಾಕುವವರು ಅದನ್ನು ಸಿಗ್ನಲ್ ಸಿಗದ ಕೋಣೆಯಲ್ಲಿ ಇಡುವುದು ಸಾಮಾನ್ಯ ತಪ್ಪು. ತನಗೇ ಸಿಗದ್ದನ್ನು ಅದು ಮುಂದೆ ದಾಟಿಸಲಾರದು. ಮೈನಸ್ 60ರ ಆಸುಪಾಸು ಸಿಗುವ ನಡುದಾರಿಯಲ್ಲಿ ಇಡಬೇಕು. ಒಂದೇ ಪಟ್ಟಿಯ ರಿಪೀಟರ್ ವೇಗವನ್ನು ಸುಮಾರು ಅರ್ಧಕ್ಕಿಳಿಸುತ್ತದೆ ಎಂಬುದು ಗೊತ್ತಿರಲಿ.

ಫೈಬರ್ ಇನ್ನೂ ಮುಟ್ಟದ ಮನೆಗಳಲ್ಲಿ ಲ್ಯಾಪ್‌ಟಾಪ್ ಮೊಬೈಲಿನ ಹಾಟ್‌ಸ್ಪಾಟನ್ನು ನೆಚ್ಚಿಕೊಂಡಿದೆ. ಟವರ್ ಗುಡ್ಡೆಯ ಮೇಲೆ, ಮನೆ ಬೈಲಿನಲ್ಲಿ, ನಡುವೆ ಬರೆ. 2021ರ ಜೂನಿನಲ್ಲಿ ಇದೇ ಜಿಲ್ಲೆಯ ಸುಳ್ಯ ತಾಲೂಕಿನ ಗುತ್ತಿಗಾರು ಕಡೆ, ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿನಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೇ ನೋಡಿತು. ಆ ಹುಡುಗಿ ಕುಳಿತ ಜಾಗಕ್ಕೂ ಮನೆಗೂ ಇದ್ದ ವ್ಯತ್ಯಾಸ ಸಿಗ್ನಲಿನದಷ್ಟೇ. ಅಷ್ಟರ ಮೇಲೆ ಒಂದು ಮಗುವಿನ ಓದು ನಿಂತಿತ್ತು. ಇಂಥ ಮನೆಗಳಲ್ಲಿ ಫೋನನ್ನು ಮೇಜಿನ ಮೇಲೆ ಲ್ಯಾಪ್‌ಟಾಪಿನ ಪಕ್ಕ ಇಡುವುದು ತಪ್ಪು. ಫೋನಿಗೆ ಟವರ್ ಸಿಗುವ ಜಾಗ ಎಲ್ಲಿದೆಯೋ, ಉಪ್ಪರಿಗೆಯ ಕಿಟಕಿಯೋ ಜಗಲಿಯ ಕಂಬವೋ, ಫೋನ್ ಅಲ್ಲಿರಬೇಕು. ಅಲ್ಲಿಂದ ಲ್ಯಾಪ್‌ಟಾಪಿಗೆ ಹಾಟ್‌ಸ್ಪಾಟಿನ ಅಲೆ ಬರುವುದು ಸುಲಭ. ಹತ್ತಿರವಾದರೆ ಐದು ಮೀಟರಿನೊಳಗಿನ ಯುಎಸ್‌ಬಿ ಕೇಬಲಿನಲ್ಲೇ ಜೋಡಿಸಬಹುದು, ಆಗ ಫೋನಿನ ಬ್ಯಾಟರಿಯೂ ತುಂಬುತ್ತಿರುತ್ತದೆ.

ಮೊಬೈಲ್ ಪಟ್ಟಿಗಳಲ್ಲೂ ತಗ್ಗು ಆವರ್ತನದವು ಬರೆ, ಮರಗಳ ಹಿಂದಕ್ಕೆ ಹೆಚ್ಚು ಬಾಗಿ ಬರುತ್ತವೆ. 700, 850 ಮೆಗಾಹರ್ಟ್ಸ್ ಬಳಸುವ ಸೇವೆ ಬೈಲಿನ ಮನೆಗೆ ಸಿಗುವಷ್ಟು 2300ರದು ಸಿಗದು. 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲ 700ನ್ನೂ ಬಳಸುತ್ತದೆ. ಯಾವ ಸಿಮ್ ಕೊಳ್ಳಬೇಕೆಂದು ಜಾಹೀರಾತು ನೋಡಿ ತೀರ್ಮಾನಿಸದೆ, ಅಕ್ಕಪಕ್ಕದವರ ಫೋನನ್ನು ನಮ್ಮ ಜಗಲಿಗೆ ತಂದು ನೋಡುವುದೇ ಸರಿಯಾದ ಪರೀಕ್ಷೆ. ಆನ್‌ಲೈನಿನಲ್ಲಿ ಸಿಗುವ ಮೊಬೈಲ್ ಸಿಗ್ನಲ್ ಬೂಸ್ಟರನ್ನು ಖಾಸಗಿಯವರು ಅನುಮತಿಯಿಲ್ಲದೆ ಹಾಕುವುದು ಕಾನೂನುಬಾಹಿರ ಎಂದು ದೂರಸಂಪರ್ಕ ಇಲಾಖೆ 2022ರಲ್ಲೇ ಹೇಳಿದೆ. ಒಂದು ಮನೆಯ ಬೂಸ್ಟರ್ ಸುತ್ತಿನವರ ಸಂಪರ್ಕ ಕೆಡಿಸಬಲ್ಲುದು.

ಫೈಬರ್ ಬಂದ ಮನೆಗಳಲ್ಲಿ ಟವರಿನ ಕೊರತೆಯನ್ನು ವೈಫೈಯೇ ತುಂಬಿಕೊಡುತ್ತದೆ. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೊ 2020ರ ಜನವರಿಯಲ್ಲಿ ವೈಫೈ ಕರೆ ಸೌಲಭ್ಯ ತಂದವು. ಫೋನಿನ ಸೆಟ್ಟಿಂಗಿನಲ್ಲಿ ಅದನ್ನು ಆನ್ ಮಾಡಿದರೆ ಟವರ್ ಇಲ್ಲದ ಬೈಲಿನಲ್ಲೂ ಮಾಮೂಲಿ ನಂಬರಿನಿಂದಲೇ ಮಾತಾಡಬಹುದು. ಹೀಗಿರುವ ಮನೆಯಲ್ಲಿ ಲ್ಯಾಪ್‌ಟಾಪಿಗೆಂದು ಸರಿಪಡಿಸಿದ ವೈಫೈಯನ್ನು ಅಜ್ಜಿಯ ಕೋಣೆಯವರೆಗೂ ಅಳೆದು ನೋಡಬೇಕು. ಮೋಡೆಮಿಗೆ ಬ್ಯಾಟರಿಯ ಆಸರೆಯೂ ಬೇಕು: ಹೆಚ್ಚಿನ ಮೋಡೆಮುಗಳು 12 ವೋಲ್ಟಿನವು, ಅವಕ್ಕೆಂದೇ ಸಿಗುವ ಪುಟ್ಟ ಯುಪಿಎಸ್ ಕರೆಂಟ್ ಹೋದ ಮೇಲೂ ಕೆಲವು ಗಂಟೆ ನಡೆಸುತ್ತದೆ. ಗಾಳಿಮಳೆಗೆ ಲೈನ್ ಬಿದ್ದ ರಾತ್ರಿ ಆಂಬುಲೆನ್ಸಿಗೋ ಮೆಸ್ಕಾಂ ಲೈನ್‌ಮನ್‌ಗೋ ಕರೆ ಹೋಗಬೇಕಾದರೆ ಆ ಮನೆಗಳಲ್ಲಿ ಇರುವ ದಾರಿ ಅದೊಂದೇ.